ಡ್ವೇನ್ ಗ್ರೀಕ್ ಭಾಷೆಗೆ ಚೌಕಾಸಿ ಮಾಡಿದ್ದು

“ಚೀಟಿಯಲ್ಲಿ ಬರೆದ ಬೆಲೆ ಪೂರ್ತಿ ಕೊಟ್ಟು ಈ ಡ್ವೇನ್ ಹಾಲ್ವರ್‌ಸನ್ ಇವತ್ತಿನವರೆಗೆ ಒಂದು ಗುಂಡುಸೂಜಿಯನ್ನೂ ಕೊಂಡವನಲ್ಲ! ಕೊಳ್ಳುವವನೂ ಅಲ್ಲ! ಕಾಲೇಜಾದರೇನು, ಕಾರಾದರೇನು? ಬೆವರಿಳಿಸಿ ಬೆಲೆ ಇಳಿಸ್ತೀನಿ, ನೋಡ್ತಿರು!”

ಕಾಫಿ ಲೋಟವನ್ನು ಗದೆಯಂತೆ ಮೇಲೆತ್ತಿ ಡ್ವೇನ್ ಈ ಭೀಷ್ಮಪ್ರತಿಜ್ಞೆ ಮಾಡಿದಾಗ ಅವನ ಹೆಂಡತಿ ಮಾರ್ಲಿಸ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ತಲೆ ಎತ್ತಲಿಲ್ಲ.

“ಹಲ್ಲಿನ ಡಾಕ್ಟರಿಗೆ ಕೊಟ್ಟಿದ್ದೆಯಲ್ಲ, ಪೂರ್ತಿ?”

“ಎಲ್ಲಿ ಕೊಟ್ಟೆ? ಎರಡು ಹಲ್ಲು ಕಿತ್ತರೆ ಮೂರನೇದು ಬಿಟ್ಟಿ ಅಂತ ಮಾತಾಡಿಕೊಂಡಿದ್ದೆ!”

“ಆ ಮೂರನೇದು ಗಟ್ಟಿಮುಟ್ಟಾಗಿತ್ತಲ್ಲೋ ಮಾರಾಯ!”

ಡ್ವೇನ್ ಲೋಟ ಕೆಳಗಿಟ್ಟು ಎದ್ದ. ದೊಡ್ಡ ಕಾರ್ಯಕ್ಕೆ ಹೊರಟವರು ಸಣ್ಣ ಹಲ್ಲಿನ ವಿಷಯಕ್ಕೆ ನಿಲ್ಲಬಾರದು.

ನೋರ್ಬಿ ಊರಿನ ಹೆದ್ದಾರಿ ಪಕ್ಕದಲ್ಲಿ ಡ್ವೇನನ ಹಳೇ ಕಾರಿನ ಅಂಗಡಿ. ಅಮೆರಿಕದ ಇಡೀ ಮಿನೆಸೋಟ ರಾಜ್ಯದಲ್ಲಿ ಜನ ಚೌಕಾಸಿ ಮಾಡುವ ಜಾಗ ಎಂದರೆ ಕಾರಿನ ಅಂಗಡಿಯೊಂದೇ. ಹಾಲು, ಹಿಟ್ಟು, ಅಂಗಿ, ಶವಪೆಟ್ಟಿಗೆ ಎಲ್ಲವನ್ನೂ ಹೇಳಿದ ಬೆಲೆಗೇ ತಲೆ ತಗ್ಗಿಸಿ ಕೊಂಡು ಹೋಗುವ ಸಭ್ಯರು, ಕಾರಿನ ಗಾಜಿಗೆ ಅಂಟಿಸಿದ ಚೀಟಿ ಕಂಡ ತಕ್ಷಣ ಕಚ್ಚೆ ಕಟ್ಟಿ ನಿಲ್ಲುತ್ತಾರೆ. ಅಂಥ ಕಣದಲ್ಲಿ ಇಪ್ಪತ್ತು ವರ್ಷ ಪಳಗಿದ ಪೈಲ್ವಾನ ಅವನು. ಹಾಗಾಗಿ ಮಗಳು ಬ್ರಿಟಾ “ಅಪ್ಪಾ, ನಾನು ಕ್ಲಾಸಿಕ್ಸ್ ಓದ್ತೀನಿ” ಎಂದು ಮೊದಲ ಸಲ ಹೇಳಿದಾಗ ಅವನ ಕಣ್ಣು ಒದ್ದೆಯಾಗಿತ್ತು. ಕ್ಲಾಸಿಕ್ ಎಂದರೆ ಹಳೇ ಕಾರು, ಮಗಳು ಅಂಗಡಿ ನೋಡಿಕೊಳ್ಳುತ್ತಾಳೆ ಎಂದುಕೊಂಡಿದ್ದ ಬಡಪಾಯಿ! ಅದು ಲ್ಯಾಟಿನ್ ಮತ್ತು ಗ್ರೀಕ್, ಅದೂ ಎರಡು ಸಾವಿರ ವರ್ಷ ಹಿಂದಿನದು ಎಂದು ತಿಳಿದಾಗ ಮತ್ತೊಮ್ಮೆ ಒದ್ದೆಯಾಯಿತು.

ಈಗ ಏಪ್ರಿಲ್ ಮುಗಿಯುತ್ತ ಬಂದಿತ್ತು. ಮೇ ಒಂದರೊಳಗೆ ಯಾವುದಾದರೂ ಒಂದು ಕಾಲೇಜಿಗೆ ಮುಂಗಡ ಕಟ್ಟಬೇಕು. ಮೂರು ಕಡೆ ಸೀಟು ಸಿಕ್ಕಿತ್ತು. ಪೂರ್ವ ಕರಾವಳಿಯ ಕಾಲೇಜಿನ ಬೆಲೆ ನೋಡಿದವನೇ ಡ್ವೇನ್ ಆ ಕಾಗದವನ್ನು ಮಡಚಿ ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗಿಟ್ಟ. ಉಳಿದದ್ದು ಎರಡು. ಒಂದು, ಸರ್ಕಾರಿ ವಿಶ್ವವಿದ್ಯಾಲಯ. ಅಲ್ಲಿ ಗ್ರೀಕ್ ಕಲಿಸುವವರು ಹೋದ ವರ್ಷ ನಿವೃತ್ತರಾಗಿ, ಅವರ ಕೋಣೆಯಲ್ಲಿ ಈಗ ಝೆರಾಕ್ಸ್ ಯಂತ್ರ ಕೂತಿತ್ತು. ಇನ್ನೊಂದು, ಬೆಟ್ಟದ ಮೇಲಿನ ಖಾಸಗಿ ಕಾಲೇಜು. ಅಲ್ಲಿ ಗ್ರೀಕ್ ಇತ್ತು. ಬ್ರಿಟಾಳ ಜೀವವೂ ಅಲ್ಲೇ ಇತ್ತು.

“ಸರಳ ಲೆಕ್ಕ” ಎಂದ ಡ್ವೇನ್. “ಬೆಟ್ಟದವರು ಸರ್ಕಾರಿಗಿಂತ ಒಂದು ಡಾಲರ್ ಕಡಿಮೆಗೆ ಬಂದರೆ ಬೆಟ್ಟ. ಇಲ್ಲದಿದ್ದರೆ ಸರ್ಕಾರಿ. ನ್ಯಾಯ ಅಂದ್ರೆ ನ್ಯಾಯ.”

“ಅಪ್ಪಾ, ಅಲ್ಲಿ ಗ್ರೀಕೇ ಇಲ್ಲ!”

“ಗ್ರೀಕ್ ಇಲ್ಲದಿದ್ದರೆ ಅದಕ್ಕೆ ಇನ್ನಷ್ಟು ಇಳಿಸಬೇಕಲ್ಲ ಅವರು? ಎ.ಸಿ. ಇಲ್ಲದ ಗಾಡಿಗೆ ನಾನು ಕಡಿಮೆ ಮಾಡೋಲ್ವಾ?”

ಅಂಗಡಿಯಿಂದ ತಂದ ಬಿಳಿ ಹಲಗೆಯ ಮೇಲೆ ಎರಡು ಗೀಟು ಹಾಕಿ ಡ್ವೇನ್ ತುಲನೆಗೆ ಕೂತ. ಅರ್ಧ ಗಂಟೆಯಲ್ಲಿ ಅವನ ಕೂದಲು ಎದ್ದು ನಿಂತಿತು. ಸರ್ಕಾರಿಯದು ವರ್ಷಕ್ಕೆ ಮೂವತ್ತು ಸಾವಿರ ಡಾಲರ್, ಬೆಟ್ಟದ್ದು ಎಪ್ಪತ್ತು ಸಾವಿರ ಎಂದು ಚೀಟಿ. ಆದರೆ ಬೆಟ್ಟದವರು ತಾವೇ ನಲವತ್ತು ಸಾವಿರ ಬಿಡುತ್ತೇವೆ ಎಂದು ಬರೆದಿದ್ದರು!

“ಕೇಳದೇನೇ ನಲವತ್ತು ಬಿಟ್ಟವ್ರೆ!” ಡ್ವೇನ್ ಹೌಹಾರಿದ. “ಕೇಳದೇ ಇಷ್ಟು ಬಿಟ್ಟರೆ ಆ ಗಾಡೀಲಿ ಏನೋ ದೊಡ್ಡ ಐಬಿದೆ. ನೀರಲ್ಲಿ ಮುಳುಗಿ ಎದ್ದ ಕಾಲೇಜೇನೇ ಅದು?”

“ಎಲ್ಲಾ ಕಾಲೇಜೂ ಹಾಗೇ ಅಪ್ಪಾ. ಚೀಟಿ ಬೆಲೆ ಯಾರೂ ಕೊಡಲ್ಲ.”

“ಯಾರೂ ಕೊಡದ ಬೆಲೆ ಯಾಕೆ ಬರೀಬೇಕು?”

“ನೀನು ಯಾಕೆ ಬರೀತೀಯ?” ಎಂದಳು ಮಾರ್ಲಿಸ್.

ಅದು ಬೇರೆ ವಿಷಯ. ಡ್ವೇನ್ ಮುಂದಿನ ಸಾಲಿಗೆ ಹೋದ. “ಇದು ನೋಡು. ಸರ್ಕಾರಿಯವರು ಅಭಿನಂದನೆ ಹೇಳವ್ರೆ. ‘ನಿಮ್ಮ ಮಗಳಿಗೆ ಒಟ್ಟು ಸಹಾಯ ಹನ್ನೊಂದು ಸಾವಿರ!’ ಹನ್ನೊಂದು ಹೋದರೆ ಹತ್ತೊಂಬತ್ತೇ! ಗೆದ್ದೆ!”

“ಅದರಲ್ಲಿ ನಾಲ್ಕು ಮಾತ್ರ ಅನುದಾನ. ಐದೂವರೆ ಸಾಲ. ಉಳಿದದ್ದು ಲೈಬ್ರರಿಯಲ್ಲಿ ನಾನು ದುಡಿದರೆ ಕೊಡೋ ಸಂಬಳ.”

“ಸಾಲಕ್ಕೆ ಸಹಾಯ ಅಂತ ಯಾಕಂತಾರೆ?”

“ಸಹಾಯ ಆಗುತ್ತಲ್ಲ.”

“ನನ್ನ ಅಂಗಡೀಲಿ ಸಾಲಕ್ಕೆ ಸಾಲ ಅಂತೀವಿ! ಅಭಿನಂದನೆ ಹೇಳಿ ಸಾಲ ಕೊಡೋ ಧೈರ್ಯ ನನಗೂ ಬಂದಿಲ್ಲವಲ್ಲ!” ಎಂದ ಡ್ವೇನ್, ಅರ್ಧ ಸಿಟ್ಟಿನಿಂದ, ಅರ್ಧ ಅಸೂಯೆಯಿಂದ. “ಇದು ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು.”

ಉಜ್ಜಿ ಬರೆದು, ಬರೆದು ಉಜ್ಜಿ, ಹಲಗೆ ಹೋಗಿ ಕಾಡಿಗೆ ಡಬ್ಬಿಯಾದಾಗ ಉಳಿದದ್ದಿಷ್ಟು: ಸರ್ಕಾರಿ ಇಪ್ಪತ್ತಾರು ಸಾವಿರ, ಬೆಟ್ಟ ಮೂವತ್ತು. ನಾಲ್ಕು ಸಾವಿರ ಹೆಚ್ಚು. ಬ್ರಿಟಾ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲು ಬಡಿದಿದ್ದರೆ ಡ್ವೇನ್ ತಡೆದುಕೊಳ್ಳುತ್ತಿದ್ದ. ಮೆಲ್ಲಗೆ ಹಾಕಿದಳು. ಅದು ಅವನ ಎದೆಗೆ ನಾಟಿತು.

ಮರುದಿನವೇ ಬೆಟ್ಟದ ಕಾಲೇಜಿಗೆ ಫೋನು ಮಾಡಿದ. ಆ ಕಡೆ ಒಬ್ಬಳು ವಿನಯವಂತ ಹುಡುಗಿ.

“ನೋಡಮ್ಮ, ಆ ಲೆಕ್ಕ ಈ ಲೆಕ್ಕ ಬೇಡ. ಒಂದು ಲ್ಯಾಟಿನ್, ಒಂದು ಗ್ರೀಕ್, ಎಲ್ಲಾ ಸೇರಿ ರಸ್ತೆಗಿಳಿಸೋಕೆ ಎಷ್ಟು?”

“ಸರ್, ಬೋಧನೆ, ವಸತಿ, ಊಟ ಸೇರಿ...”

“ಊಟ ತೆಗೆದುಬಿಡಿ. ಮನೆಯಿಂದ ಕಟ್ಟಿಕೊಡ್ತೀವಿ.”

“ಮನೆ ನೂರು ಮೈಲಿ ದೂರ ಇದೆಯಲ್ಲ ಸರ್?”

“ಸರಿ, ಊಟ ಇರಲಿ. ಈ ಭಾಷೆಗಳನ್ನ ಈಗ ಯಾರಾದ್ರೂ ಆಡ್ತಾರಾ?”

“ಇಲ್ಲ ಸರ್.”

“ಎರಡು ಸಾವಿರ ವರ್ಷ ಹಳೇ ಮಾಡೆಲ್ಲು, ಕೊಳ್ಳೋರಿಲ್ಲ, ಬಿಡಿಭಾಗ ಸಿಗಲ್ಲ! ಅದಕ್ಕೆ ಹೊಸ ಗಾಡಿ ರೇಟಾ ತಾಯಿ?”

ಆ ಹುಡುಗಿ ಫೋನಿನ ಬಾಯಿ ಮುಚ್ಚಿ ಯಾರಿಗೋ ಏನೋ ಹೇಳಿ ನಕ್ಕದ್ದು ಕೇಳಿಸಿತು. ಮತ್ತೆ ಬಂದು, ಬೆಲೆಯಲ್ಲಿ ಇನ್ನು ಒಂದು ಸೆಂಟೂ ಇಳಿಯುವುದಿಲ್ಲ, ಆದರೆ ಲ್ಯಾಟಿನ್-ಗ್ರೀಕ್ ಓದುವವರಿಗೆಂದೇ ಹಿಂದೆ ಅಲ್ಲಿ ಓದಿದ ಹಿರಿಯರೊಬ್ಬರು ದುಡ್ಡಿಟ್ಟುಹೋದ ಸ್ಕಾಲರ್‌ಷಿಪ್ ಒಂದಿದೆ, ವರ್ಷಕ್ಕೆ ಐದು ಸಾವಿರ, ಅದಕ್ಕೆ ಬ್ರಿಟಾಳ ಹೆಸರು ಕೊನೆಯ ಸುತ್ತಿಗೆ ಬಂದಿದೆ, ಶನಿವಾರ ಮಧ್ಯಾಹ್ನ ಮಿಸೆಸ್ ಪ್ರಿಚೆಟ್ ಎಂಬ ಹಳೆಯ ವಿದ್ಯಾರ್ಥಿನಿ ನಿಮ್ಮ ಮನೆಗೇ ಬಂದು ಮಾತಾಡುತ್ತಾರೆ ಎಂದಳು.

ಐದು ಸಾವಿರ! ಮೂವತ್ತರಲ್ಲಿ ಐದು ಹೋದರೆ ಇಪ್ಪತ್ತೈದು. ಬೆಟ್ಟ ಗೆದ್ದಂತೆಯೇ! ಮನೆಯವರೆಲ್ಲ ಕುಣಿದರು. ಆದರೆ ಡ್ವೇನನ ತಲೆಯಲ್ಲಿ ಒಂದು ಹುಳ ಹೊಕ್ಕಿತು.

ಮನೆಗೇ ಯಾಕೆ ಬರುತ್ತಾರೆ?

ಬ್ಯಾಂಕಿನವರು ಸಾಲ ಕೊಡುವ ಮೊದಲು ಅಂಗಡಿಗೆ ಬಂದು ಗಾಡಿ ಎಣಿಸುತ್ತಾರೆ. ಇವರೂ ಮನೆ ನೋಡಲು ಬರುತ್ತಿದ್ದಾರೆ! ಚರ್ಮದ ಸೋಫಾ, ಗೋಡೆಯಗಲದ ಟಿ.ವಿ., ಹಿಡಿ ಎಳೆದರೆ ಹಿಂದಕ್ಕೆ ವಾಲಿ ಕಾಲೆತ್ತಿ ಹಿಡಿಯುವ ಅವನ ಪ್ರಾಣಪ್ರಿಯ ಕುರ್ಚಿ, ಇವನ್ನೆಲ್ಲ ಕಂಡ ಮೇಲೆ ಯಾವ ತಾಯಿ ಐದು ಸಾವಿರ ಕೊಟ್ಟಾಳು? ಗಿರಾಕಿ ಬರುವ ಮುಂಚೆ ಗಾಡಿಗೆ ಹೊಳಪು ಕೊಡುವುದು ಎಲ್ಲರಿಗೂ ಬರುತ್ತದೆ. ಹೊಳಪು ತೆಗೆಯುವುದಿದೆಯಲ್ಲ, ಅದು ಕಲೆ!

ಮಾರ್ಲಿಸ್‌ಗೆ ಹೇಳಿದರೆ ಕೆಲಸ ಕೆಡುತ್ತದೆ. ಆದರೆ ದೈವ ಅವನ ಕಡೆಗಿತ್ತು. ಶುಕ್ರವಾರ ತಾಯಿ-ಮಗಳು ಒಳ್ಳೆಯ ಬಟ್ಟೆ ಕೊಳ್ಳಲು ಪಟ್ಟಣಕ್ಕೆ ಹೋಗಿ, ಮಾರ್ಲಿಸಳ ತಂಗಿಯ ಮನೆಯಲ್ಲಿ ಉಳಿದು, ಶನಿವಾರ ಬೆಳಿಗ್ಗೆ ಬರುವುದೆಂದು ಹೊರಟರು. ಅವರ ಕಾರು ತಿರುವು ದಾಟಿದ್ದೇ ತಡ, ಡ್ವೇನ್ ತೋಳು ಮಡಚಿದ.

ಸಾಮಾನು ಇಡುವುದೆಲ್ಲಿ? ಪಕ್ಕದ ಮನೆಯ ಆರ್ಡಿಸ್ ಕ್ನುಟ್ಸನ್ ಎಂಬ ಹಿರಿಯಾಕೆಯ ಗ್ಯಾರೇಜು ಹಾ ಎಂದು ಬಾಯಿ ತೆರೆದುಕೊಂಡಿತ್ತು. ಆಕೆ ಮನೆಯಲ್ಲಿರಲಿಲ್ಲ. ನೋರ್ಬಿಯಲ್ಲಿ ಪಕ್ಕದವರ ಗ್ಯಾರೇಜು ಬಳಸಲು ಮೊದಲೇ ಕೇಳಬೇಕೆಂದಿಲ್ಲ, ಆಮೇಲೆ ಹೇಳಿದರೆ ನಡೆಯುತ್ತದೆ. ಒಳಗೆ ಆಗಲೇ ಒಂದು ಅಕಾರ್ಡಿಯನ್ ವಾದ್ಯ, ಮೂರು ಮಡಚುವ ಮಂಚ, ಪೆಟ್ಟಿಗೆ ತುಂಬ ಮಕ್ಕಳ ಬೂಟು, ಒಂದೇ ಚಕ್ರದ ವ್ಯಾಯಾಮದ ಸೈಕಲ್ಲು ಗುಡ್ಡೆ ಬಿದ್ದಿದ್ದವು.

“ಪಾಪ, ವಯಸ್ಸಾಯ್ತು. ಏನೇನೋ ಕೂಡಿಹಾಕ್ಕೋತಾಳೆ” ಎಂದುಕೊಂಡು ಡ್ವೇನ್ ತನ್ನ ಸೋಫಾವನ್ನು ಅಕಾರ್ಡಿಯನ್ನಿನ ಪಕ್ಕಕ್ಕೆ ತಳ್ಳಿದ. ಟಿ.ವಿ. ಹೋಯಿತು. ಊಟದ ಮೇಜು, ಕುರ್ಚಿಗಳು ಹೋದವು. ಮಾರ್ಲಿಸಳ ಅಜ್ಜಿಯ ಕಾಲದ ದೀಪ ಹೋಯಿತು. ಪುಸ್ತಕದ ಕಪಾಟು? ಪುಸ್ತಕ ಇದ್ದವರು ದುಡ್ಡಿದ್ದವರಂತೆ ಕಾಣುತ್ತಾರೆ. ಅದೂ ಹೋಗಲಿ! ಕೊನೆಗೆ ತನ್ನ ಪ್ರಾಣಪ್ರಿಯ ಕುರ್ಚಿಯನ್ನು ಸತ್ತವರನ್ನು ಹೊತ್ತಂತೆ ಮೌನವಾಗಿ ತಳ್ಳಿಕೊಂಡು ಹೋಗಿಟ್ಟ. ಮನೆಯಲ್ಲಿ ಕೂರಲು ಉಳಿದದ್ದು, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನಿಗೆ ಗಾಳ ಹಾಕುವಾಗ ಕೂರುವ ನಾಲ್ಕು ಬಕೆಟ್ಟು.

ಖಾಲಿ ಮನೆ ನೋಡಿ ಅವನಿಗೇ ಅಳು ಬಂತು. “ಭಲೇ!” ಎಂದುಕೊಂಡು ಅಂಗಡಿಗೆ ಹೋದ. ಸಂಜೆ ಬಂದಾಗ ಆರ್ಡಿಸಳ ಗ್ಯಾರೇಜಿನ ಬಾಗಿಲು ಮುಚ್ಚಿತ್ತು. ಇನ್ನೂ ಒಳ್ಳೆಯದೇ ಆಯಿತು ಎಂದು ನೆಲದ ಮೇಲೆ ಕಂಬಳಿ ಹಾಸಿ ಮಲಗಿದ.

ಬೆಳಿಗ್ಗೆ ಬಾಗಿಲ ಗಂಟೆ ಬಾರಿಸಿತು. ಬಾಗಿಲಲ್ಲಿ ಚರ್ಚಿನ ಇಬ್ಬರು ಹೆಂಗಸರು. ಕೈಯಲ್ಲಿ ಬಟ್ಟೆ ಸುತ್ತಿದ ಗಾಜಿನ ತಟ್ಟೆಗಳು. ಒಳಗೆ ಕೊಚ್ಚಿದ ಮಾಂಸ, ಬೀನ್ಸು, ಮೇಲೆ ಸಾಲಾಗಿ ಜೋಡಿಸಿದ ಆಲೂಗಡ್ಡೆಯ ಉಂಡೆ. ಹಾಟ್‌ಡಿಶ್!

ನೋರ್ಬಿಯಲ್ಲಿ ಕಷ್ಟದಲ್ಲಿರುವವರನ್ನು ‘ಏನಾಯಿತು’ ಎಂದು ಕೇಳುವುದು ಅಸಭ್ಯತೆ. ಕೇಳದೆ ಸುಮ್ಮನಿರುವುದು ಕಟುಕತನ. ಇವೆರಡರ ನಡುವೆ ಇರುವ ಏಕೈಕ ದಾರಿಯ ಹೆಸರು ಹಾಟ್‌ಡಿಶ್. ತಟ್ಟೆಯ ತಳಕ್ಕೆ ತಮ್ಮ ಹೆಸರಿನ ಪಟ್ಟಿ ಅಂಟಿಸಿ ತಂದುಕೊಟ್ಟು, ಹವಾಮಾನದ ಬಗ್ಗೆ ಎರಡು ಮಾತಾಡಿ ಹೊರಟುಬಿಡಬೇಕು.

“ಗಾಳಿ ಇದೆ ಅಲ್ವಾ?” ಎಂದಳು ಒಬ್ಬಾಕೆ, ಅವನ ಭುಜದಾಚೆ ಖಾಲಿ ಹಜಾರವನ್ನು ನೋಡುತ್ತ.

“ಇದೆ ಇದೆ” ಎಂದ ಡ್ವೇನ್. “ಅಯ್ಯೋ, ಇದೆಲ್ಲ ಬೇಡ.” ಎರಡು ಸಲ ಬೇಡ ಎಂದು ಮೂರನೇ ಸಲಕ್ಕೆ ತೆಗೆದುಕೊಳ್ಳುವುದು ಊರ ಪದ್ಧತಿ. ತೆಗೆದುಕೊಂಡ.

“ಬ್ರಿಟಾ, ಮಾರ್ಲಿಸ್ ಇಬ್ಬರೂ...?”

“ನಿನ್ನೆ ಹೋದ್ರು.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಸರಿ ಹಾಗಾದ್ರೆ” ಎಂದು ಕಣ್ಣೊರೆಸಿಕೊಂಡು ಹೋದರು.

ಬಾಗಿಲು ಮುಚ್ಚುವಷ್ಟರಲ್ಲಿ ಇನ್ನೊಬ್ಬರು. ಅವರ ಹಿಂದೆ ಮತ್ತೊಬ್ಬರು. ಮೇಜಿಲ್ಲದ ಮನೆಯಲ್ಲಿ ಹಾಟ್‌ಡಿಶ್ಶುಗಳು ನೆಲದ ಮೇಲೆ ಗೋಡೆಯುದ್ದಕ್ಕೂ ಸಾಲುಗಟ್ಟಿದವು. ಡ್ವೇನನಿಗೆ ಒಂದೂ ಅರ್ಥವಾಗಲಿಲ್ಲ. ಕೊನೆಗೆ ಅವನೇ ಅರ್ಥ ಮಾಡಿಕೊಂಡ: ಮಗಳ ಹೆಸರು ಕೊನೆಯ ಸುತ್ತಿಗೆ ಬಂದ ಸುದ್ದಿ ಊರಿಗೆ ಗೊತ್ತಾಗಿದೆ, ಜನ ಹರಸಲು ಬರುತ್ತಿದ್ದಾರೆ! ಎಂಥ ಊರು!

ಆಮೇಲೆ ಬಂದವನು ಮೈಲೋ ಟ್ವೇಟ್. ಹೋದ ಚಳಿಗಾಲದಲ್ಲಿ ಡ್ವೇನನ ಹತ್ತಿರ ಒಂದು ಬ್ಯೂಕ್ ಕಾರು ಕೊಂಡಿದ್ದ ರೈತ. ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ನಿಂತ.

“ಬ್ರಿಟಾ ಹೋಗೋದು ಖಚಿತಾನಾ?”

“ಹೋಗೋದಂತೂ ಖಚಿತ ಮೈಲೋ. ಎಲ್ಲಿಗೆ ಅನ್ನೋದೇ ಗೊಂದಲ. ಎಲ್ಲಾ ದುಡ್ಡಿನ ಮೇಲೆ ನಿಂತಿದೆ.”

“ವಾಪಸ್ಸು...?”

“ನಾಲ್ಕು ವರ್ಷ ಆದ್ಮೇಲೆ ನೋಡಬೇಕು.”

ಮೈಲೋ ತನ್ನ ಬೂಟು ನೋಡಿದ. ಆಮೇಲೆ ಜೇಬಿನಿಂದ ಒಂದು ಲಕೋಟೆ ತೆಗೆದು ಡ್ವೇನನ ಅಂಗಿಯೊಳಗೆ ತುರುಕಿದ. “ಆ ಬ್ಯೂಕಿಗೆ ನಿನ್ನನ್ನ ಜಾಸ್ತಿ ಹಿಂಡಿಬಿಟ್ಟೆ ಕಣೋ. ರಾತ್ರಿಯಿಡೀ ನಿದ್ದೆ ಬರಲಿಲ್ಲ.”

ಡ್ವೇನ್ ದಂಗುಬಡಿದು ನಿಂತ. ಚೌಕಾಸಿ ಮಾಡಿದ ದುಡ್ಡನ್ನು ಗಿರಾಕಿ ವಾಪಸ್ಸು ತಂದುಕೊಡುವುದೆಂದರೆ! ಇಪ್ಪತ್ತು ವರ್ಷದಲ್ಲಿ ಕಾಣದ ವಿಚಿತ್ರ. ಇದು ಲೋಕ ಮುಗಿಯುವ ಲಕ್ಷಣವೋ, ಇಲ್ಲಾ ಗ್ರೀಕ್ ಭಾಷೆಯ ಮಹಿಮೆಯೋ?

ಹನ್ನೊಂದೂವರೆಗೆ ಕಾರು ಬಂದು ನಿಂತಿತು. ಬ್ರಿಟಾ ಬಟ್ಟೆ ಬದಲಿಸಲು ನೇರ ಕೋಣೆಗೆ ಓಡಿದಳು, ಬಾಗಿಲು ಒದ್ದುಕೊಂಡೇ ಮಾರ್ಲಿಸ್ ಒಳಗೆ ಬಂದಳು.

“ಡ್ವೇನ್! ಚರ್ಚಿನ ಮುಂದೆ ಇಬ್ಬರು ನಮ್ಮ ಸೋಫಾ ಹೊತ್ಕೊಂಡು ಹೋಗ್ತಿದ್ರು! ನಮ್ಮ ಅಜ್ಜಿ ದೀಪ ಯಾರದೋ ಪಿಕಪ್ಪಿನಲ್ಲಿ ಕೂತಿತ್ತು! ಏನಿದು?” ಆಗ ಅವಳ ಕಣ್ಣು ಹಜಾರದತ್ತ ತಿರುಗಿತು. “ಏನಿದು?” ಎಂದಳು ಮತ್ತೆ, ಈ ಸಲ ಮೆಲ್ಲಗೆ.

“ಸೋಫಾ ಆರ್ಡಿಸ್ ಗ್ಯಾರೇಜಲ್ಲಿ ಭದ್ರವಾಗಿದೆ ಕಣೇ.”

“ಆರ್ಡಿಸ್ ಗ್ಯಾರೇಜಲ್ಲಿ ಇಟ್ಟೆಯಾ? ಚರ್ಚಿನ ಹಳೇ ಸಾಮಾನಿನ ಮಾರಾಟಕ್ಕೆ ಇಡೀ ಊರು ಸಾಮಾನು ತಂದು ಹಾಕೋದು ಅಲ್ಲೇ ಅಲ್ವೇನೋ! ಪ್ರತಿ ವಸಂತದಲ್ಲೂ! ಬೆಳಗಿನ ಜಾವ ಎಲ್ಲಾ ಚರ್ಚಿಗೆ ಸಾಗಿಸಿ ಇವತ್ತೇ ಮಾರಾಟ!”

ಕ್ರಿಸ್‌ಮಸ್ಸಿಗೊಮ್ಮೆ, ಈಸ್ಟರ್‌ಗೊಮ್ಮೆ ಚರ್ಚಿಗೆ ಹೋಗುವ ಡ್ವೇನನಿಗೆ ಈಗ ಅಕಾರ್ಡಿಯನ್ನಿನ ಅರ್ಥವಾಯಿತು. ಆಮೇಲೆ ಹಾಟ್‌ಡಿಶ್ಶಿನ ಅರ್ಥವಾಯಿತು. ಶುಕ್ರವಾರ ಸಂಜೆ ಆರ್ಡಿಸ್ ತನ್ನ ಗ್ಯಾರೇಜಿನಲ್ಲಿ ಹಾಲ್ವರ್‌ಸನ್ ಮನೆಯ ಸಮಸ್ತ ಸಾಮಾನು ಕಂಡಿದ್ದಾಳೆ, ಕಿಟಕಿಯಿಂದ ಖಾಲಿ ಮನೆ ಇಣುಕಿದ್ದಾಳೆ, ಮಾರ್ಲಿಸಳ ಕಾರಿಲ್ಲದ್ದು ನೋಡಿದ್ದಾಳೆ. ಹೆಂಡತಿ ಮಕ್ಕಳು ಬಿಟ್ಟುಹೋದರು, ವ್ಯಾಪಾರ ಮುಳುಗಿತು, ಆದರೂ ಮಹಾನುಭಾವ ಕೂರುವ ಕುರ್ಚಿಯನ್ನೂ ಬಿಡದೆ ದೇವರಿಗೆ ಕೊಟ್ಟ! ಚರ್ಚಿನ ಪ್ರಾರ್ಥನಾ ಸರಪಳಿಯ ಮೊದಲ ಕೊಂಡಿಯೇ ಆರ್ಡಿಸ್. ಒಬ್ಬರಿಂದ ಒಬ್ಬರಿಗೆ ಫೋನು ಹೋಗಿ ಊರಿಗೆ ಊರೇ ಅವನಿಗಾಗಿ ಪ್ರಾರ್ಥಿಸಿ ಒಲೆ ಹೊತ್ತಿಸಿದೆ!

“ನೀನು ನನ್ನ ಬಿಟ್ಟು ಹೋಗಿದ್ದೀಯ ಅಂತ ಊರೆಲ್ಲ ಅಂದುಕೊಂಡಿದೆ ಮಾರ್ಲಿಸ್” ಎಂದ ಡ್ವೇನ್ ದೀನವಾಗಿ.

“ಇನ್ನೂ ಹೊತ್ತು ಮೀರಿಲ್ಲ” ಎಂದಳು ಮಾರ್ಲಿಸ್.

ಅಷ್ಟರಲ್ಲಿ ಕೋಣೆಯಿಂದ ಬ್ರಿಟಾ ಹೊರಬಂದಳು. ಹೊಸ ಬಟ್ಟೆಯಲ್ಲಿದ್ದಳು. ಮುಖ ಬಿಳಿಚಿಕೊಂಡಿತ್ತು.

“ಅಪ್ಪಾ, ಕಪಾಟೆಲ್ಲಿ? ನನ್ನ ಗ್ರೀಕ್ ನಿಘಂಟೆಲ್ಲಿ?”

ಎರಡು ಬೇಸಿಗೆ ಐಸ್‌ಕ್ರೀಮ್ ಅಂಗಡಿಯಲ್ಲಿ ಕೈ ಮರಗಟ್ಟುವವರೆಗೆ ದುಡಿದು ಅವಳು ಕೊಂಡ ನಿಘಂಟು ಅದು. ದಿಂಬಿನಷ್ಟು ದಪ್ಪ. ಅದನ್ನೂ ಕಪಾಟಿನ ಜೊತೆಗೇ ತಳ್ಳಿಕೊಂಡು ಹೋಗಿದ್ದನೆಂದು ಡ್ವೇನನಿಗೆ ಈಗ ನೆನಪಾಯಿತು.

“ಈಗಲೇ ಓಡ್ತೀನಿ ಮಗಳೇ! ಹತ್ತು ನಿಮಿಷ!” ಎಂದು ಬಾಗಿಲು ತೆರೆದರೆ, ಎದುರಿಗೇ ಎತ್ತರದ, ಬೆಳ್ಳಿ ಕೂದಲಿನ ಒಬ್ಬ ಹೆಂಗಸು. ಬಗಲಲ್ಲಿ ಬಟ್ಟೆಯ ಚೀಲ.

“ಹಾಲ್ವರ್‌ಸನ್ ಅವರ ಮನೆ ತಾನೇ? ನಾನು ಲೆನೋರ್ ಪ್ರಿಚೆಟ್. ಸ್ವಲ್ಪ ಬೇಗ ಬಂದೆನೇನೋ?”

ಇನ್ನು ಓಡುವಂತಿಲ್ಲ. ಪ್ರಿಚೆಟ್ ಒಳಗೆ ಬಂದು ಸುತ್ತ ನೋಡಿದರು. ಖಾಲಿ ಗೋಡೆ. ನೆಲದ ಮೇಲೆ ಸಾಲಾಗಿ ಹನ್ನೊಂದು ಹಾಟ್‌ಡಿಶ್.

“ಮನೆ ಬದಲಾಯಿಸ್ತಿದ್ದೀರಾ?”

“ಇಲ್ಲಮ್ಮ” ಎಂದ ಡ್ವೇನ್. ಇಷ್ಟು ಖರ್ಚಾದ ಮೇಲೆ ನಾಟಕ ಅರ್ಧಕ್ಕೆ ಬಿಡುವುದು ಹೇಗೆ? ದನಿಯಲ್ಲಿ ನಡುಕ ತಂದುಕೊಂಡ. “ನಮ್ಮ ಬದುಕೇ ಹೀಗೆ. ಕೂರೋಕೆ ಮೀನಿನ ಬಕೆಟ್ಟು, ಮಲಗೋಕೆ ನೆಲ. ಆದರೂ ಮಗಳು ಗ್ರೀಕ್ ಓದಬೇಕು ಅಂತ...”

“ಹನ್ನೊಂದು ಹಾಟ್‌ಡಿಶ್ ಇದೆಯಲ್ಲ?”

“ಅದು... ಹಸಿವು ಜಾಸ್ತಿ ನಮಗೆ.”

ಮಾರ್ಲಿಸ್ ಗೋಡೆಯ ಕಡೆ ತಿರುಗಿದಳು. ಬ್ರಿಟಾ ಕಣ್ಣು ಮುಚ್ಚಿಕೊಂಡಳು. ಪ್ರಿಚೆಟ್ ಗಂಭೀರವಾಗಿ ಒಂದು ಬಕೆಟ್ಟಿನ ಮೇಲೆ ಕೂತರು.

“ಮಿಸ್ಟರ್ ಹಾಲ್ವರ್‌ಸನ್, ಈ ಸ್ಕಾಲರ್‌ಷಿಪ್ಪಿಗೆ ಮನೆಯ ಬಡತನ, ಸಿರಿತನ ಎರಡೂ ಲೆಕ್ಕಕ್ಕಿಲ್ಲ. ಗ್ರೀಕ್ ಓದೋ ಆಸೆ ನಿಜವೋ ಸುಳ್ಳೋ ಅನ್ನೋದಷ್ಟೇ. ಕೋಟ್ಯಧೀಶರ ಮಗಳಾದರೂ ಕೊಡ್ತೀವಿ.”

ಡ್ವೇನನ ಬಾಯಿ ತೆರೆದೇ ಉಳಿಯಿತು. “ಹಾಗಾದ್ರೆ ಮನೆಗೇ ಯಾಕೆ ಬಂದ್ರಿ?”

“ಅದನ್ನಿಟ್ಟ ಹಿರಿಯರ ಷರತ್ತು. ಕಾಲೇಜಿಗೆ ಕರೆಸಿದರೆ ಮಕ್ಕಳು ಬಾಯಿಪಾಠ ಒಪ್ಪಿಸ್ತಾರೆ. ಮನೆಯಲ್ಲಿ ಊಟಕ್ಕೆ ಕೂತರೆ ನಿಜ ಹೊರಬರುತ್ತೆ ಅಂತ.” ಅವರು ಡ್ವೇನನನ್ನೇ ನೋಡಿದರು. “ಬರುತ್ತೆ ಕೂಡ.”

ಆಮೇಲೆ ಬ್ರಿಟಾಳ ಕಡೆ ತಿರುಗಿದರು. “ಎಲ್ಲಿ ಮಗು, ನಿನ್ನ ಪುಸ್ತಕಗಳು? ಏನಾದರೂ ಓದು, ಕೇಳೋಣ.”

ಬ್ರಿಟಾ ಅಪ್ಪನ ಕಡೆ ತಿರುಗಿದಳು. ಡ್ವೇನ್ ಕುಸಿದು ಒಂದು ಬಕೆಟ್ಟಿನ ಮೇಲೆ ಕೂತ. ಅವನ ಬಾಯಿಯಿಂದ ಸತ್ಯ ಹೊರಟಿತು, ಪೂರ್ತಿ, ಒಂದು ಸೆಂಟೂ ಕಡಿಮೆಯಿಲ್ಲದೆ. ಬಿಳಿ ಹಲಗೆ, ನಾಲ್ಕು ಸಾವಿರ, ಗ್ಯಾರೇಜು, ಅಕಾರ್ಡಿಯನ್ನು, ಮೈಲೋನ ಲಕೋಟೆ. “ಮಗಳದ್ದೇನೂ ತಪ್ಪಿಲ್ಲಮ್ಮ. ಅವಳ ಗ್ರೀಕನ್ನ ನಾನು ಹಳೇ ಸಾಮಾನಿಗೆ ಹಾಕಿಬಿಟ್ಟೆ.”

ಪ್ರಿಚೆಟ್ ಬಟ್ಟೆಯ ಚೀಲಕ್ಕೆ ಕೈಹಾಕಿ ದಿಂಬಿನಷ್ಟು ದಪ್ಪದ ಒಂದು ಪುಸ್ತಕ ತೆಗೆದು ಮಡಿಲಲ್ಲಿಟ್ಟುಕೊಂಡರು.

ಬ್ರಿಟಾ ಕಿಟಾರನೆ ಕಿರುಚಿದಳು.

“ದಾರಿಯಲ್ಲಿ ಚರ್ಚಿನ ಮಾರಾಟ ಕಂಡಿತು. ಹಳೇ ಸಾಮಾನು ಕಂಡರೆ ನನಗೆ ಕಾಲು ನಿಲ್ಲಲ್ಲ. ಎರಡು ಡಾಲರ್ ಅಂತ ಚೀಟಿ ಇತ್ತು. ಒಂದಕ್ಕೆ ಕೇಳಿದೆ. ಗಲ್ಲಾ ಪೆಟ್ಟಿಗೆ ಹಿಂದೆ ಒಬ್ಬರು ಹಿರಿಯರು ಕೂತಿದ್ರು ನೋಡಿ... ಅಬ್ಬಾ! ಮರುಮಾತಾಡದೆ ಎರಡು ಕೊಟ್ಟು ಬಂದೆ.”

“ಆರ್ಡಿಸ್” ಎಂದಳು ಮಾರ್ಲಿಸ್.

ಪ್ರಿಚೆಟ್ ಪುಟ ಮಗುಚಿದರು. “ಕಾರಿನಲ್ಲಿ ಕೂತು ಓದಿದೆ. ಅಂಚಿನ ತುಂಬ ಪೆನ್ಸಿಲಿನ ಬರಹ. ಇಲ್ಲಿ ನೋಡಿ, ಒಂದು ಕ್ರಿಯಾಪದದ ಪಕ್ಕ: ‘ಇದೊಂದಕ್ಕೇ ಪುಟ ತುಂಬ ಅರ್ಥ. ಅಪ್ಪ ಹೇಳೋ “ಆಮೇಲೆ ನೋಡೋಣ”ದ ಹಾಗೆ. ಎಲ್ಲಾನೂ ಆಗಬಹುದು, ಏನೂ ಆಗದೇ ಇರಬಹುದು.’”

ಡ್ವೇನ್ ನೆಲ ನೋಡಿದ. ನೆಲದಲ್ಲಿ ಹಾಟ್‌ಡಿಶ್ ಇತ್ತು.

“ಈಗ ಇದು ನನ್ನದು” ಎಂದರು ಪ್ರಿಚೆಟ್. “ದುಡ್ಡು ಕೊಟ್ಟು ಕೊಂಡಿದ್ದೀನಿ. ಬೇಕಾದರೆ ಒಂದು ಪುಟ ಗ್ರೀಕ್ ಓದಿ ವಾಪಸ್ಸು ಗೆದ್ದುಕೋ.”

ಅದಕ್ಕೆ ಅವಳಿಗೆ ಪುಸ್ತಕ ಬೇಕಿರಲಿಲ್ಲ. ಬ್ರಿಟಾ ಕಣ್ಣು ಮುಚ್ಚಿ, ಬಕೆಟ್ಟಿನ ಮೇಲೆ ನೆಟ್ಟಗೆ ಕೂತು, ಗ್ರೀಕ್ ಪದ್ಯವೊಂದನ್ನು ನೆನಪಿನಿಂದಲೇ ಶುರುಮಾಡಿದಳು. ಮೊದಲು ನಡುಗುತ್ತ, ಆಮೇಲೆ ಓಡುತ್ತ. ಎಲ್ಲೋ ಒಂದು ಕಡೆ ತಡವರಿಸಿದಾಗ ಪ್ರಿಚೆಟ್ ಮುಂದಿನ ಪದ ಕೊಟ್ಟರು. ಇಬ್ಬರೂ ನಕ್ಕರು. ಮತ್ತೆ ಅವರು ಒಂದು ಸಾಲು, ಇವಳು ಒಂದು ಸಾಲು. ಡ್ವೇನನಿಗೆ ಒಂದಕ್ಷರ ತಿಳಿಯಲಿಲ್ಲ. ಈ ಮನೆಯಲ್ಲಿ ಆ ಹುಡುಗಿ ಇಷ್ಟು ಗಟ್ಟಿಯಾಗಿ ನಕ್ಕಿದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ನೋಡಿದ. ಅದೂ ತಿಳಿಯಲಿಲ್ಲ.

ಊಟ ಭರ್ಜರಿಯಾಯಿತು. ಮಿಸೆಸ್ ಪ್ರಿಚೆಟ್ ಮೂರು ಬಗೆಯ ಹಾಟ್‌ಡಿಶ್ ಹಾಕಿಸಿಕೊಂಡರು. ಹೊರಡುವಾಗ ನಿಘಂಟನ್ನು ಬ್ರಿಟಾಳ ಕೈಗಿಟ್ಟು ಮಾರ್ಲಿಸಳಿಗೆ ಹೇಳಿದರು: “ಕಾಗದ ಸೋಮವಾರ ಬರುತ್ತೆ. ಅಲ್ಲಿವರೆಗೆ ಬೇರೆ ಕಡೆ ಮುಂಗಡ ಕಟ್ಟಬೇಡಿ.” ಡ್ವೇನನಿಗೆ ಹೇಳಿದರು: “ನೀವು ಕಾರು ಮಾರ್ತೀರಂತೆ. ನಾನಂತೂ ಕೊಳ್ಳಲ್ಲ.”

ಕಾರು ತಿರುವು ದಾಟಿತು. ತಾಯಿ-ಮಗಳು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು, ನಕ್ಕರು. ಡ್ವೇನ್ ಕೂಡ ಸೇರಿಕೊಳ್ಳಲು ಕೈಚಾಚಿದ.

“ಮೊದಲು ಸೋಫಾ” ಎಂದಳು ಮಾರ್ಲಿಸ್.

ಚರ್ಚಿನ ನೆಲಮಾಳಿಗೆಯಲ್ಲಿ ಮಾರಾಟ ಮುಗಿಯುತ್ತ ಬಂದಿತ್ತು. ಸೋಫಾ ಹೋಗಿತ್ತು. ಟಿ.ವಿ.ಯೂ ಹೋಗಿತ್ತು. ಅಜ್ಜಿಯ ದೀಪ ಕೊಂಡವರು ಯಾರೆಂದು ಊರಿಗೆ ಗೊತ್ತಿತ್ತು, ಅವರ ಮನೆಗೆ ಮಾರ್ಲಿಸ್ ಆಗಲೇ ಹೊರಟಿದ್ದಳು. ಆದರೆ ಮೂಲೆಯಲ್ಲಿ, ಒಂದೇ ಚಕ್ರದ ಸೈಕಲ್ಲಿನ ಪಕ್ಕ, ಅವನ ಪ್ರಾಣಪ್ರಿಯ ಕುರ್ಚಿ! ತೋಳಿಗೆ ಚೀಟಿ ಅಂಟಿಸಿತ್ತು: ನಲವತ್ತು ಡಾಲರ್.

ಗಲ್ಲಾ ಪೆಟ್ಟಿಗೆಯ ಹಿಂದೆ ಆರ್ಡಿಸ್ ಕೂತಿದ್ದಳು. ಡ್ವೇನ್ ಆಕೆಗೆ ಎಲ್ಲವನ್ನೂ ಮೊದಲಿನಿಂದ ಹೇಳಿದ. ಮದುವೆ ಮುರಿದಿಲ್ಲ, ವ್ಯಾಪಾರ ಮುಳುಗಿಲ್ಲ, ದಾನ ಮಾಡಿದ್ದೂ ಅಲ್ಲ. ಆಕೆ ಸಾವಧಾನವಾಗಿ ಕೇಳಿದಳು. ಕೊನೆಗೆ, “ಹಾಟ್‌ಡಿಶ್ ತಟ್ಟೆ ಎಲ್ಲಾ ತೊಳೆದು ನೀನೇ ಮನೆಮನೆಗೆ ವಾಪಸ್ಸು ಕೊಡ್ತೀಯ ಮಗೂ” ಎಂದಳು. “ಒಬ್ಬೊಬ್ಬರಿಗೂ ಈ ಕಥೆ ಹೇಳಿ.”

“ಹೇಳ್ತೀನಿ ಆರ್ಡಿಸ್. ಮೈಲೋ ದುಡ್ಡೂ ವಾಪಸ್ಸು ಕೊಡ್ತೀನಿ. ಈಗ ಆ ಕುರ್ಚಿ ತಗೊಂಡು ಹೋಗ್ಲಾ?”

“ತಗೊಂಡು ಹೋಗು. ನಲವತ್ತು.”

ಇಪ್ಪತ್ತು ವರ್ಷದ ಪೈಲ್ವಾನನ ರಕ್ತ ಸುಮ್ಮನಿರಲಿಲ್ಲ. ತಾನೇ ತಾನಾಗಿ ಬಾಯಿ ತೆರೆಯಿತು. “ಮೂವತ್ತು ಮಾಡ್ಕೊಳ್ಳಿ.”

“ಇದು ಚರ್ಚಿಗೆ ಹೋಗೋ ದುಡ್ಡು. ಚೌಕಾಸಿ ಇಲ್ಲ.”

“ಮೂವತ್ತೈದು! ಹಿಡಿ ಸಡಿಲ ಇದೆ. ಎಡಗಡೆ ಸ್ಪ್ರಿಂಗು ಚುಚ್ಚುತ್ತೆ. ಹಿಂದೆ ಕಾಫಿ ಕಲೆ ಇದೆ, ಬೇಕಾದ್ರೆ ತಿರುಗಿಸಿ ತೋರಿಸ್ತೀನಿ!”

“ನಲವತ್ತು.”

“ಆರ್ಡಿಸ್! ಅದು ನನ್ನದೇ ಕುರ್ಚಿ!”

“ಹಾಗಾದ್ರೆ ಅದರಲ್ಲಿ ಕೂತರೆ ಎಷ್ಟು ಸುಖ ಅಂತ ನಾನು ಬೇರೆ ಹೇಳಬೇಕಾ?” ಎಂದಳು ಆರ್ಡಿಸ್, ಅಂಗೈ ಚಾಚಿ. “ಚೀಟಿ ಕಿತ್ತು ಇಲ್ಲಿ ಕೊಡು.”